ಮಿತಿ ಹಾಕುವ ದಿನವೇ ಪಾಲೂ ಗೊತ್ತಾಗಬೇಕು

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಸಣ್ಣ ಹಿಡುವಳಿದಾರ. ಒಂದೂವರೆ ಎಕರೆ ಅಡಿಕೆ ತೋಟ, ಒಂದು ಎಕರೆ ಮಳೆಯಾಶ್ರಿತ ಗದ್ದೆ ಇದೆ. ಅಜ್ಜನ ಕಾಲದಲ್ಲಿ ಶರಾವತಿ ಮುಳುಗಡೆಯಿಂದ ಎದ್ದು ಬಂದವರು ನಾವು. ತೋಟಕ್ಕೆ ಪಹಣಿ ಇದೆ, ಮನೆ ಮತ್ತು ಗದ್ದೆ ಇರುವ ಜಾಗಕ್ಕೆ ಇಂದಿಗೂ ಹಕ್ಕುಪತ್ರವಿಲ್ಲ. ನಿಸರ್ಗಕ್ಕೆ ಮಿತಿಯಿದೆ, ಅದರೊಳಗೆ ಬದುಕಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಮಿತಿ ಪ್ರತಿ ಸಲವೂ ನಮ್ಮಂಥವರ ಅಂಗಳಕ್ಕೇ ಬಂದು ನಿಲ್ಲುತ್ತದೆ. ನ್ಯಾಯವೂ ಇದ್ದು ಕಾಡೂ ಉಳಿಯುವಂಥ ಅರ್ಥವ್ಯವಸ್ಥೆ ನಿಜಕ್ಕೂ ಸಾಧ್ಯವೇ? ಗದ್ದೆಯನ್ನು ತೋಟ ಮಾಡಿ ಕೊಳವೆಬಾವಿ ಕೊರೆಸೋಣ ಎಂದು ಮಗ ಹೇಳುತ್ತಿದ್ದಾನೆ. ಅದು ತಪ್ಪೇ?

ಉತ್ತರ: ಸಾಧ್ಯ. ಆದರೆ ಒಂದು ಷರತ್ತಿದೆ. ನಿಸರ್ಗದಿಂದ ಎಷ್ಟು ತೆಗೆಯಬಹುದು ಎಂಬುದನ್ನೂ, ತೆಗೆದದ್ದರಲ್ಲಿ ಯಾರಿಗೆ ಎಷ್ಟು ಪಾಲು ಎಂಬುದನ್ನೂ ಒಂದೇ ಸಭೆಯಲ್ಲಿ ಕೂತು ತೀರ್ಮಾನಿಸಬೇಕು. ಈ ಎರಡು ತೀರ್ಮಾನಗಳನ್ನು ಬೇರೆ ಬೇರೆ ಕಚೇರಿಗಳು ಬೇರೆ ಬೇರೆ ಕಾಲದಲ್ಲಿ ತೆಗೆದುಕೊಂಡದ್ದೇ ಮಲೆನಾಡಿನ ಆರೇಳು ದಶಕಗಳ ಸಂಕಟದ ಮೂಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮಿತಿಯನ್ನು ಮೊದಲು ಹಾಕಿ, ಪಾಲಿನ ಮಾತನ್ನು ಆಮೇಲೆ ನೋಡೋಣ ಎಂದಾಗಲೆಲ್ಲ ಜನ ಮಿತಿಯನ್ನೇ ವಿರೋಧಿಸಿದ್ದಾರೆ. ಪಾಲನ್ನು ಮೊದಲು ಕೊಟ್ಟು, ಮಿತಿಯನ್ನು ಆಮೇಲೆ ನೋಡೋಣ ಎಂದಾಗ ನೆಲ ಸೋತಿದೆ. ನೆಲ ಸೋತಾಗ ಬೇರೆ ಆಸರೆಯಿಲ್ಲದವರೇ ಎಲ್ಲರಿಗಿಂತ ಮೊದಲು ಬೀದಿಗೆ ಬಿದ್ದಿದ್ದಾರೆ. ನಿಮ್ಮ ಪತ್ರದಲ್ಲಿರುವ ನೋವನ್ನು ಪರಿಸರ ವಿರೋಧ ಎಂದು ಓದುವವರಿದ್ದಾರೆ. ನನಗೆ ಅದು ಹಾಗೆ ಕಾಣುವುದಿಲ್ಲ. ಮಿತಿ ಬೇಡವೆಂದು ನೀವು ಎಲ್ಲಿಯೂ ಹೇಳಿಲ್ಲ; ಅದರ ಭಾರ ಯಾರ ಹೆಗಲಿಗೆ ಎಂದು ಕೇಳಿದ್ದೀರಿ.

ಮೊದಲು ಮಿತಿಯ ಮಾತನ್ನೇ ಸ್ಪಷ್ಟಪಡಿಸಿಕೊಳ್ಳೋಣ. ವಿಶ್ವಬ್ಯಾಂಕಿನಲ್ಲಿ ಕೆಲಸ ಮಾಡಿ, ಅದರ ಆಲೋಚನಾ ಕ್ರಮವನ್ನೇ ಪ್ರಶ್ನಿಸಿದ ಅಮೆರಿಕದ ಅರ್ಥಶಾಸ್ತ್ರಜ್ಞ ಹರ್ಮನ್ ಡೇಲಿ ಇದನ್ನು ಮೂರು ಸರಳ ನಿಯಮಗಳಲ್ಲಿ ಹೇಳಿದ್ದರು: ಮರ, ಮೀನು, ನೀರಿನಂಥವನ್ನು ಅವು ಮತ್ತೆ ತುಂಬಿಕೊಳ್ಳುವ ವೇಗಕ್ಕಿಂತ ಹೆಚ್ಚು ವೇಗವಾಗಿ ತೆಗೆಯಬಾರದು, ಅದಿರು, ಕಲ್ಲಿದ್ದಲಿನಂಥವನ್ನು ಬದಲಿ ವ್ಯವಸ್ಥೆ ಕಟ್ಟಿಕೊಳ್ಳುವ ವೇಗಕ್ಕಿಂತ ಹೆಚ್ಚು ವೇಗವಾಗಿ ಮುಗಿಸಬಾರದು, ಹೊಗೆ, ಕೊಳಕು, ವಿಷಗಳನ್ನು ನೆಲ ಜಲ ಗಾಳಿಗಳು ಅರಗಿಸಿಕೊಳ್ಳುವ ಶಕ್ತಿ ಮೀರಿ ಬಿಡಬಾರದು. ಇಡೀ ಭೂಮಿಯ ಮಟ್ಟದಲ್ಲಿ ಇದನ್ನು ಅಳೆಯುವ ಪ್ರಯತ್ನವನ್ನು ಯೊಹಾನ್ ರಾಕ್‌ಸ್ಟ್ರಾಮ್ ಮತ್ತವರ ಸಂಗಡಿಗ ವಿಜ್ಞಾನಿಗಳು 2009ರಲ್ಲಿ ಮಾಡಿ, ಹವಾಮಾನ, ಜೀವವೈವಿಧ್ಯ, ಸಿಹಿನೀರು, ಸಾರಜನಕ-ರಂಜಕಗಳ ಚಕ್ರ ಮುಂತಾದ ಒಂಬತ್ತು ಎಲ್ಲೆಗಳನ್ನು ಗುರುತಿಸಿದರು. 2023ರ ಪರಿಷ್ಕೃತ ಲೆಕ್ಕದ ಪ್ರಕಾರ ಆ ಒಂಬತ್ತರಲ್ಲಿ ಆರನ್ನು ಮನುಷ್ಯಕುಲ ಆಗಲೇ ದಾಟಿತ್ತು. ಎಂದಮೇಲೆ ಮಿತಿ ಕಟ್ಟುಕಥೆಯಲ್ಲ. ಆದರೆ ದಾಟಿದವರಲ್ಲಿ ಎಲ್ಲರ ಪಾಲೂ ಒಂದೇ ಅಲ್ಲ. ಅಮೆರಿಕದ ಒಬ್ಬ ವ್ಯಕ್ತಿಯ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ ಭಾರತೀಯನ ಸರಾಸರಿ ಸುಮಾರು 2 ಟನ್; ಆ ಸರಾಸರಿಯೊಳಗೂ ಬೆಂಗಳೂರಿನ ಎರಡು ಕಾರಿನ ಮನೆ ಮತ್ತು ಶರಾವತಿ ಹಿನ್ನೀರಿನ ತುಮರಿಯ ಕೂಲಿಕಾರರ ಮನೆ ಒಟ್ಟಿಗೇ ಸೇರಿ ಹೋಗಿವೆ.

ಈಗ ನಮ್ಮ ನೆಲಕ್ಕೆ ಬರೋಣ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ರಾಜ್ಯದ ಕಾರ್ಖಾನೆಗಳೂ ನಗರಗಳೂ ದಶಕಗಳ ಕಾಲ ಅತ್ಯಂತ ಅಗ್ಗದ ವಿದ್ಯುತ್ತಿನಿಂದ ಬೆಳೆದದ್ದು ಈ ನೀರಿನಿಂದ. ಅದೇ ನೀರು ಸುತ್ತುವರಿದು ದ್ವೀಪವಾದ ಕರೂರು, ತುಮರಿ ಭಾಗದ ಜನ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಸಾಗಿಸಲೂ ಲಾಂಚಿನ ವೇಳೆ ಕಾಯಬೇಕಾಗಿತ್ತು. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಮುಳುಗಡೆಗೂ ಸೇತುವೆಗೂ ನಡುವೆ ಎರಡು ತಲೆಮಾರು ಕಳೆದುಹೋಯಿತು. ಹಕ್ಕುಪತ್ರದ ವಿಷಯ ಇನ್ನೂ ಕಠೋರವಾದದ್ದು. ನಿಮ್ಮಂಥ ಕುಟುಂಬಗಳನ್ನು ಲಾರಿಗಳಲ್ಲಿ ತಂದು ಕಾಡಿನ ಅಂಚಿನಲ್ಲಿ ಇಳಿಸಿದ ಸರ್ಕಾರವು ಆ ನೆಲವನ್ನು ದಾಖಲೆಯಲ್ಲಿ ಅರಣ್ಯವೆಂದೇ ಉಳಿಸಿಕೊಂಡಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಪೂರ್ವಾನುಮತಿ ಬೇಕಾಯಿತು. ಅನುಮತಿಯಿಲ್ಲದೆ ಆ ನೆಲವನ್ನು ಅರಣ್ಯದಿಂದ ಕೈಬಿಟ್ಟು ರಾಜ್ಯ ಹೊರಡಿಸಿದ್ದ ಡಿನೋಟಿಫಿಕೇಶನ್ ಆದೇಶಗಳನ್ನು ಹೈಕೋರ್ಟ್ 2021ರಲ್ಲಿ ರದ್ದುಪಡಿಸಿತು. ಕಾನೂನಿನ ದೃಷ್ಟಿಯಿಂದ ನ್ಯಾಯಾಲಯದ ತೀರ್ಪು ಸರಿಯಿರಬಹುದು. ಆದರೆ ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರು ಅರವತ್ತು ವರ್ಷಗಳ ನಂತರ ಒತ್ತುವರಿದಾರರೆಂದು ಕರೆಸಿಕೊಳ್ಳುವ ಸ್ಥಿತಿ ಯಾವ ಲೆಕ್ಕದಲ್ಲಿಯೂ ನ್ಯಾಯವಲ್ಲ. ವಿದ್ಯುತ್ತಿನ ಒಂದು ಯೂನಿಟ್ಟಿನ ದರದಲ್ಲಿ ಅಣೆಕಟ್ಟೆಯ ಸಿಮೆಂಟಿನ ಖರ್ಚಿತ್ತು, ಯಂತ್ರದ ಖರ್ಚಿತ್ತು, ಸಾಲದ ಬಡ್ಡಿಯಿತ್ತು. ಮುಳುಗಿದ ಕಾಡಿನ ಬೆಲೆ ಇರಲಿಲ್ಲ, ನಿಮ್ಮ ಅಜ್ಜ ಕಳೆದುಕೊಂಡದ್ದರ ಬೆಲೆಯೂ ಇರಲಿಲ್ಲ. ಕಾಡನ್ನೂ ಬಡವರನ್ನೂ ಒಟ್ಟಿಗೇ ಲೆಕ್ಕದಿಂದ ಹೊರಗಿಟ್ಟ ಆ ದರವೇ ನಮ್ಮ ಅರ್ಥವ್ಯವಸ್ಥೆಯ ಮೂಲ ದೋಷವನ್ನು ತೋರಿಸುತ್ತದೆ.

ಲೆಕ್ಕದ ಅಳತೆಯೇ ತಪ್ಪಿದ್ದರೆ ಏನಾಗುತ್ತದೆ ಎಂಬುದನ್ನು ಶಿವಮೊಗ್ಗ ಜಿಲ್ಲೆಯ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಕೊಳಗದ ವಿಷಯಕ್ಕೆ. ಗೇಣಿ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಬಳಸುತ್ತಿದ್ದರು. ಎಷ್ಟು ಕೊಳಗ ಎಂಬ ಸಂಖ್ಯೆ ಕರಾರಿನಂತೆಯೇ ಇರುತ್ತಿತ್ತು, ಆದರೆ ರೈತನ ಕಣಜ ಬರಿದಾಗುತ್ತಿತ್ತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಸತ್ಯಾಗ್ರಹಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರು ಅದರ ದನಿಯನ್ನು ವಿಧಾನಸಭೆಗೆ ಒಯ್ದರು, ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿಯಿಂದ 1974ರ ಮಾರ್ಚ್ 1ರಿಂದ ರಾಜ್ಯದಲ್ಲಿ ಗೇಣಿ ಪದ್ಧತಿಯೇ ರದ್ದಾಯಿತು. ಉಳುವವನೇ ಹೊಲದೊಡೆಯನಾದ. ಇಷ್ಟು ದೊಡ್ಡ ಬದಲಾವಣೆಯೂ ಗದ್ದೆಯ ಬದುವಿನಲ್ಲಿಯೇ ನಿಂತಿತು ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಗದ್ದೆಯ ಮೇಲಿನ ಬೆಟ್ಟ, ಕಾನು, ಗೋಮಾಳ, ಕೆರೆಯಂಗಳಗಳಲ್ಲಿ ಯಾರಿಗೆ ಎಷ್ಟು ಹಕ್ಕು, ಯಾರಿಗೆ ಎಷ್ಟು ಹೊಣೆ ಎಂಬ ಪ್ರಶ್ನೆಗೆ ಭೂಸುಧಾರಣೆ ಕೈಹಾಕಲೇ ಇಲ್ಲ.

ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡುಗುಡ್ಡವಾದ ಸೊಪ್ಪಿನ ಬೆಟ್ಟವನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಬೆಟ್ಟದಿಂದ ತರಗೆಲೆ ಮತ್ತು ಹಸಿಸೊಪ್ಪು ಕೊಟ್ಟಿಗೆಗೆ ಬರುತ್ತದೆ. ದನದ ಕಾಲಡಿ ತುಳಿಸಿಕೊಂಡು, ಸಗಣಿ ಗಂಜಳ ಕುಡಿದು ಗೊಬ್ಬರಗುಂಡಿಗೆ ಹೋಗುತ್ತದೆ. ಅಲ್ಲಿ ಕೊಳೆತು ಅಡಿಕೆ ಮರದ ಬುಡ ಸೇರುತ್ತದೆ. ಮಳೆಗಾಲದಲ್ಲಿ ಬೆಟ್ಟ ಹೀರಿಕೊಂಡ ನೀರು ಬೇಸಿಗೆಯಲ್ಲಿ ಕೆಳಗಿನ ತೋಟದ ಬಸಿಗಾಲುವೆಯಲ್ಲಿ ತಣ್ಣಗೆ ಹರಿಯುತ್ತದೆ. ತೋಟದ ಇಳುವರಿ ಎಂದು ನಾವು ಮಂಡಿಯಲ್ಲಿ ತೂಗುವುದರಲ್ಲಿ ಒಂದು ಭಾಗ ಬೆಟ್ಟದ ದುಡಿಮೆ. ಈ ವ್ಯವಸ್ಥೆಯಲ್ಲಿ ಡೇಲಿ ಹೇಳಿದ ಮೊದಲ ನಿಯಮ ತಾನಾಗಿಯೇ ಪಾಲನೆಯಾಗುತ್ತಿತ್ತು, ಏಕೆಂದರೆ ಬೆಟ್ಟವನ್ನು ಬೋಳು ಮಾಡಿದವನ ತೋಟ ಕೆಲವೇ ವರ್ಷಗಳಲ್ಲಿ ಸೊರಗುತ್ತಿತ್ತು. ಆದರೆ ನ್ಯಾಯದ ದೃಷ್ಟಿಯಿಂದ ನೋಡಿದರೆ ಇಲ್ಲಿ ಒಂದು ದೊಡ್ಡ ಕೊರತೆಯಿತ್ತು. ಬೆಟ್ಟದ ಸವಲತ್ತು ತೋಟದ ಒಡೆತನಕ್ಕೆ ಅಂಟಿಕೊಂಡಿತ್ತು. ತೋಟವಿಲ್ಲದ ಕೂಲಿಕಾರನಿಗೆ, ಸೌದೆಗೂ ಸೊಪ್ಪಿಗೂ ಅಲೆಯುವ ಹೆಂಗಸಿಗೆ ಅದರಲ್ಲಿ ಹಕ್ಕಿರಲಿಲ್ಲ. 1964ರ ಭೂಕಂದಾಯ ಕಾಯ್ದೆಯೂ ಸೊಪ್ಪಿನ ಬೆಟ್ಟದ, ಅದರಂತೆಯೇ ಹಿಡುವಳಿಗೆ ಅಂಟಿಕೊಂಡ ಕಾನೆ, ಬಾಣೆ, ಕುಮ್ಕಿ ಜಮೀನುಗಳ ಸವಲತ್ತನ್ನು ಹಾಗೆಯೇ ಮುಂದುವರಿಸಿತು. ಈಗ ರಾಸಾಯನಿಕ ಗೊಬ್ಬರ ಅಂಗಡಿಯಲ್ಲಿ ಸಿಗುತ್ತದೆ, ದನಗಳು ಕಡಿಮೆಯಾಗಿವೆ, ಬೆಟ್ಟಕ್ಕೆ ಬೇಲಿ ಬಿದ್ದು ಕೆಲವೆಡೆ ಅದೂ ತೋಟವಾಗುತ್ತಿದೆ. ಸವಲತ್ತು ಉಳಿದು ಹೊಣೆ ಹೋದಾಗ ಸಾಮುದಾಯಿಕ ಸಂಪತ್ತಿಗೆ ಆಗುವುದು ಇದೇ.

ಹೊಣೆಯನ್ನು ಮರೆತವರು ರೈತರು ಮಾತ್ರ ಎಂದು ತಿಳಿಯಬೇಡಿ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ನಲವತ್ತು ವರ್ಷಗಳ ಗುತ್ತಿಗೆಗೆ ಕೊಟ್ಟ 20 ಸಾವಿರ ಹೆಕ್ಟೇರಿಗೂ ಹೆಚ್ಚು ಅರಣ್ಯಭೂಮಿಯಲ್ಲಿ ಅಕೇಶಿಯಾ, ನೀಲಗಿರಿ ಎದ್ದವು. ಕಾರ್ಖಾನೆ ಸ್ಥಗಿತಗೊಂಡ ಮೇಲೂ, 2020ರಲ್ಲಿ ಅವಧಿ ಮುಗಿದಾಗ ಸರ್ಕಾರ ಆ ಗುತ್ತಿಗೆಯನ್ನು ಮತ್ತೆ ಮುಂದುವರಿಸಿತು. ಎರಡು ಎಕರೆ ಬಗರ್‌ಹುಕುಂ ಅರ್ಜಿಗೆ ಮೂವತ್ತು ವರ್ಷ ಓಡಾಡಿದವರು ಇದನ್ನು ನೋಡಿ ಸರ್ಕಾರದ ಅರಣ್ಯಪ್ರೀತಿಯನ್ನು ನಂಬುವುದಾದರೂ ಹೇಗೆ? ಇದಕ್ಕೆ ಪ್ರತಿಯಾದ ಉದಾಹರಣೆಯೂ ನಮ್ಮ ನೆರೆಯಲ್ಲಿಯೇ ಇದೆ. ಸಾಮುದಾಯಿಕ ಭೂಮಿಯನ್ನು ನೀಲಗಿರಿ ನೆಡುತೋಪಿಗೆ ಕೊಟ್ಟದ್ದರ ವಿರುದ್ಧ 1987ರ ನವೆಂಬರಿನಲ್ಲಿ ಹಾನಗಲ್ ಸೀಮೆಯ ಕುಸನೂರಿನಲ್ಲಿ ಜನ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಮಾಡಿ, ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಆ ಭೂಮಿ ಹಿಡಿದಿದ್ದ ಕಂಪನಿಯನ್ನು ಕೆಲವೇ ವರ್ಷಗಳಲ್ಲಿ ಸರ್ಕಾರ ಮುಚ್ಚಬೇಕಾಯಿತು.

ಹಕ್ಕಿಲ್ಲದವನು ಸಂಯಮದಿಂದ ಇರಲಾರ ಎಂಬುದಕ್ಕೆ ಉಪ್ಪಾಗೆ ಎಂಬ ಕಾಡುಹಣ್ಣಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಘಟ್ಟದ ಮನೆಗಳಲ್ಲಿ ಬೀಜದಿಂದ ತುಪ್ಪ ತೆಗೆಯಲು, ಸಿಪ್ಪೆಯನ್ನು ಹುಳಿಗೆ ಬಳಸಲು ಮಾತ್ರ ಬೇಕಾಗಿದ್ದ ಈ ಹಣ್ಣಿನ ಸಿಪ್ಪೆಗೆ, ತೂಕ ಇಳಿಸುವ ಔಷಧಿಯ ಹೆಸರಿನಲ್ಲಿ 1990ರ ದಶಕದಲ್ಲಿ ಹೊರದೇಶಗಳಿಂದ ಬೇಡಿಕೆ ಬಂತು. ಬೆಲೆ ಏರಿತು. ಅರಣ್ಯ ಇಲಾಖೆ ಸಂಗ್ರಹಣೆಯನ್ನು ಹರಾಜು ಹಾಕುತ್ತಿತ್ತು, ಗುತ್ತಿಗೆದಾರ ಹಿಡಿಯುತ್ತಿದ್ದ, ಕೊಯ್ಯುವ ಕೂಲಿಕಾರನಿಗೆ ಕಿಲೋ ಲೆಕ್ಕದ ಹಣ. ಹಣ್ಣು ಮಾಗುವ ತನಕ ಕಾಯುವುದು ಸರಿಯೆಂದು ಕೊಯ್ಯುವವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇವತ್ತು ತಾನು ಬಿಟ್ಟ ಕಾಯಿಯನ್ನು ನಾಳೆ ಇನ್ನೊಬ್ಬ ಕೊಯ್ಯುತ್ತಾನೆ, ಮುಂದಿನ ವರ್ಷ ಈ ಕಾಡು ಯಾರ ಗುತ್ತಿಗೆಗೆ ಹೋಗುತ್ತದೋ ತಿಳಿಯದು ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಎಳೆಗಾಯಿಯೇ ಇಳಿಯಿತು, ಕೊಂಬೆಗಳೂ ಇಳಿದವು. ಉಪ್ಪಾಗೆ ಮಾಗುವುದು ಮಳೆ ಬಿಡದ ಜೂನ್, ಜುಲೈ, ಆಗಸ್ಟಿನಲ್ಲಿ. ಬಿಸಿಲಿಲ್ಲದ ಕಾರಣ ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿಯೇ ಒಣಗಿಸಬೇಕು, ಅದಕ್ಕೆ ಕಾಡಿನದೇ ಸೌದೆ ಬೇಕು. ಹೀಗೆ ಒಂದು ಹಣ್ಣಿನ ವ್ಯಾಪಾರ ಮರವನ್ನೂ ಸುತ್ತಲಿನ ಕಾಡನ್ನೂ ಒಟ್ಟಿಗೇ ತಿಂದಿತು, ಲಾಭದ ಬಹುಪಾಲು ಕಾಡಿನಲ್ಲಿ ಉಳಿಯಲೂ ಇಲ್ಲ. ಇಂಥ ಹಾನಿಗೆ ಬಡವರ ದುರಾಸೆಯೇ ಕಾರಣವೆನ್ನುವವರಿಗೆ ಅಮೆರಿಕದ ಎಲಿನಾರ್ ಆಸ್ಟ್ರಂ ಅವರ ಸಂಶೋಧನೆ ಉತ್ತರ ಕೊಡುತ್ತದೆ. ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು 2009ರಲ್ಲಿ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಮಹಿಳೆಯಾದ ಅವರು, ನೀರಾವರಿ ಕಾಲುವೆ, ಮೀನುಗಾರಿಕೆ, ಹುಲ್ಲುಗಾವಲು, ಕಾಡುಗಳ ನೂರಾರು ವ್ಯವಸ್ಥೆಗಳನ್ನು ಅಧ್ಯಯನ ಮಾಡಿ ತೋರಿಸಿದ್ದು ಇಷ್ಟು: ಎಲ್ಲೆ ಯಾವುದೆಂದೂ ಬಳಕೆದಾರರು ಯಾರೆಂದೂ ಸ್ಪಷ್ಟವಿದ್ದು, ನಿಯಮಗಳನ್ನು ಅವರೇ ಮಾಡಿಕೊಂಡು, ಕಾವಲನ್ನೂ ಅವರೇ ನಡೆಸಿ, ತಪ್ಪಿದವರಿಗೆ ಹಂತಹಂತವಾಗಿ ದಂಡ ಹಾಕುವ ಅಧಿಕಾರ ಅವರಿಗಿದ್ದಲ್ಲಿ, ಸಾಮುದಾಯಿಕ ಸಂಪತ್ತು ತಲೆಮಾರುಗಳ ಕಾಲ ಉಳಿದಿದೆ.

ಈ ಹಿನ್ನೆಲೆಯಲ್ಲಿ ಪಶ್ಚಿಮಘಟ್ಟದ ವರದಿಗಳ ಗಲಾಟೆಯನ್ನು ನೋಡಬೇಕು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ಕೊಟ್ಟ ವರದಿ ಘಟ್ಟವನ್ನು ಮೂರು ಹಂತದ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿತ್ತು. ಕೊನೆಯ ತೀರ್ಮಾನಕ್ಕೆ ಗ್ರಾಮಸಭೆಗಳ ಅಭಿಪ್ರಾಯ ಆಧಾರವಾಗಬೇಕೆಂಬುದು ಅದರ ಜೀವಾಳವಾಗಿತ್ತು. 2013ರ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರಗಳ ಆಧಾರದಲ್ಲಿ ಘಟ್ಟದ ಸುಮಾರು ಶೇ 37ರಷ್ಟನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಕರ್ನಾಟಕದಲ್ಲಿ ಅದು 20,668 ಚದರ ಕಿಲೋಮೀಟರ್, 1,576 ಹಳ್ಳಿಗಳು. ಅಲ್ಲಿ ನಿಷೇಧಿಸಬೇಕೆಂದು ಹೇಳಿದ್ದು ಗಣಿಗಾರಿಕೆ, ಕಲ್ಲು ಮತ್ತು ಮರಳು ಗಣಿ, ಉಷ್ಣ ವಿದ್ಯುತ್ ಸ್ಥಾವರ, ಅತಿ ಮಾಲಿನ್ಯದ ಕಾರ್ಖಾನೆ, ಭಾರಿ ಕಟ್ಟಡಗಳನ್ನು. ನಿಮ್ಮ ತೋಟವನ್ನಲ್ಲ, ಗದ್ದೆಯನ್ನಲ್ಲ. ಹಾಗಿದ್ದರೂ ಹಳ್ಳಿಹಳ್ಳಿಯಲ್ಲಿ ಎಬ್ಬಿಸುತ್ತಾರೆ, ಒಲೆಗೆ ಸೌದೆಯೂ ಸಿಗದು ಎಂಬ ಭಯವೇ ಹಬ್ಬಿತು. ಆ ಭಯಕ್ಕೆ ಗಣಿ ಮತ್ತು ರೆಸಾರ್ಟಿನ ಹಿತಾಸಕ್ತಿಗಳು ಗಾಳಿ ಹಾಕಿದವು ಎಂಬುದು ನಿಜ. ಆದರೆ ಅದು ಹೊತ್ತಿಕೊಂಡದ್ದು ಜನರ ಅನುಭವದಲ್ಲಿ ಒಣ ಸೌದೆ ಆಗಲೇ ಬಿದ್ದಿದ್ದರಿಂದ: ಹಕ್ಕುಪತ್ರವಿಲ್ಲದವನಿಗೆ ಯಾವ ನಕ್ಷೆಯ ಯಾವ ಬಣ್ಣವೂ ಎಬ್ಬಿಸುವ ನೋಟಿಸಿನಂತೆಯೇ ಕಾಣುತ್ತದೆ. ವರದಿಯನ್ನು ಸಾರಾಸಗಟಾಗಿ ತಿರಸ್ಕರಿಸಿದ ರಾಜ್ಯ ಸರ್ಕಾರದ ನಿಲುವನ್ನು ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ವರದಿಯನ್ನು ಪ್ರತಿ ಪಂಚಾಯಿತಿಗೆ ಮುಟ್ಟಿಸಿ, ಹಕ್ಕುಗಳ ಇತ್ಯರ್ಥವನ್ನು ಮೊದಲ ಪುಟದಲ್ಲಿಟ್ಟು ಮಾತಿಗೆ ಕೂತಿದ್ದರೆ ಗಣಿ ಬೇಡವೆಂದು ನಿಮ್ಮ ಗ್ರಾಮಸಭೆಯೇ ಮೊದಲು ನಿರ್ಣಯ ಮಾಡುತ್ತಿತ್ತು ಎಂದು ನಂಬುತ್ತೇನೆ.

ಹಾಗಾದರೆ ಮಿತಿಯ ಭಾರ ಮೊದಲು ಯಾರ ಮೇಲೆ ಬೀಳಬೇಕು? ಹೆಚ್ಚು ಬಳಸುವವರ ಮೇಲೆ. 2019ರಲ್ಲಿ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಜಿಲ್ಲೆಯೇ ಬಂದ್ ಆಯಿತು. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಬೆಂಗಳೂರು ಅದಕ್ಕಿಂತ ಸಾವಿರ ಅಡಿಗೂ ಮೇಲಿದೆ. ಆ ಎತ್ತರಕ್ಕೆ, ನೂರಾರು ಕಿಲೋಮೀಟರ್ ದೂರ, ವರ್ಷಪೂರ್ತಿ ನೀರನ್ನು ಪಂಪು ಮಾಡುವ ವಿದ್ಯುತ್ತಿಗೆ ಮತ್ತೆ ಯಾವ ಕಣಿವೆ ಮುಳುಗಬೇಕು ಎಂದು ಕೇಳುವುದು ಪ್ರಾದೇಶಿಕ ಸಂಕುಚಿತತೆಯಲ್ಲ. ಮಳೆಕೊಯ್ಲು 2009ರಿಂದಲೇ ಕಡ್ಡಾಯವಾಗಿರುವ ನಗರ ತನ್ನ ಮಳೆ, ತನ್ನ ಕೆರೆ, ತಾನು ಬಳಸಿ ಬಿಟ್ಟ ನೀರಿನ ಮರುಬಳಕೆ ಇವಿಷ್ಟನ್ನೂ ಪೂರ್ತಿ ಮಾಡಿದ ಮೇಲಷ್ಟೇ ಹೊರಗೆ ನೋಡಬೇಕು. ಇದೇ ಮಾತು ನಮಗೂ ಅನ್ವಯಿಸುತ್ತದೆ. ತುಂಗಾ ಪಾನದ ಹೆಮ್ಮೆ ಹೇಳುವ ಶಿವಮೊಗ್ಗ ನಗರವು ತನ್ನ ಕೊಳಚೆಯನ್ನು ಶುದ್ಧೀಕರಿಸದೆ ತುಂಗೆಗೆ ಬಿಟ್ಟರೆ ಕೆಳಗಿನ ಊರುಗಳಿಗೆ ಮಾಡುವುದು ಅದೇ ಅನ್ಯಾಯ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಕೂಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ತು ತೆಗೆಯುವ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೂ ಈ ಅಳತೆಯಲ್ಲಿಯೇ ತೂಗುತ್ತೇನೆ. ಹಗಲಿನ ಸೌರವಿದ್ಯುತ್ತನ್ನು ಸಂಜೆಗೆ ಕೂಡಿಡುವ ವ್ಯವಸ್ಥೆ ದೇಶಕ್ಕೆ ಬೇಕು, ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಆದರೆ ನೀರನ್ನು ಮೇಲೆತ್ತಲು ಬೇಕಾಗುವ ವಿದ್ಯುತ್ತು ಕೆಳಗೆ ಬಿಟ್ಟಾಗ ಸಿಗುವುದಕ್ಕಿಂತ ಹೆಚ್ಚು. ಆ ನಷ್ಟದ ಜೊತೆಗೆ ಸಿಂಗಳೀಕಗಳ ಅಭಯಾರಣ್ಯದ ಮಳೆಕಾಡನ್ನೂ, ಒಮ್ಮೆ ಎಲ್ಲವನ್ನೂ ಕೊಟ್ಟ ಕಣಿವೆಯನ್ನೂ ಎರಡನೆಯ ಸಲ ಕೇಳುವ ಮೊದಲು ಕಾಡಿಲ್ಲದ ಜಾಗಗಳನ್ನು, ಬ್ಯಾಟರಿಯನ್ನು, ಬೇಡಿಕೆಯನ್ನೇ ಹಗಲಿಗೆ ಸರಿಸುವ ದಾರಿಯನ್ನು ಮುಗಿಸಿ ಬರಬೇಕು. ಈ ಯೋಜನೆ ಇಲ್ಲಿ ಬೇಡ ಎಂಬುದೇ ನನ್ನ ಅಭಿಪ್ರಾಯ.

ಕಾಯುವವರಿಗೆ ಸಲ್ಲಬೇಕಾದ ಹಣದ ವಿಷಯದಲ್ಲಿ ದಾರಿಗಳು ಹೊಸವೇನಲ್ಲ. ಕೇಂದ್ರದ 2008ರ ಜಲವಿದ್ಯುತ್ ನೀತಿಯು ಯೋಜನೆಯ ವಿದ್ಯುತ್ತಿನಲ್ಲಿ ಶೇ 12ನ್ನು ರಾಜ್ಯಕ್ಕೆ ಉಚಿತವಾಗಿ ಕೊಡುವುದರ ಜೊತೆಗೆ ಇನ್ನೂ ಶೇ 1ನ್ನು ಸ್ಥಳೀಯ ಪ್ರದೇಶದ ಅಭಿವೃದ್ಧಿಗೆ ಮೀಸಲಿಡಬೇಕೆಂದು ಹೇಳಿತು. ಶರಾವತಿ ಯೋಜನೆ ಆ ನೀತಿಗಿಂತ ಬಹಳ ಹಳೆಯದು, ಆದರೆ ತತ್ವಕ್ಕೆ ವಯಸ್ಸಿಲ್ಲ. ಪ್ರತಿ ಯೂನಿಟ್ಟಿಗೆ ಹತ್ತು ಪೈಸೆಯಂತೆ ಎತ್ತಿಟ್ಟರೂ ನೂರು ಕೋಟಿ ಯೂನಿಟ್ಟಿಗೆ 10 ಕೋಟಿ ರೂಪಾಯಿಯಾಗುತ್ತದೆ. ಹಿನ್ನೀರಿನ ಪಂಚಾಯಿತಿಗಳ ಶಾಲೆ, ಆಸ್ಪತ್ರೆ, ಬಸ್ಸುಗಳ ಚಹರೆ ಅದರಿಂದಲೇ ಬದಲಾಗಬಹುದು. 14ನೇ ಹಣಕಾಸು ಆಯೋಗವು ರಾಜ್ಯಗಳಿಗೆ ತೆರಿಗೆ ಹಂಚುವ ಸೂತ್ರದಲ್ಲಿ ಅರಣ್ಯಕ್ಕೆ ಶೇ 7.5ರಷ್ಟು ತೂಕ ಕೊಟ್ಟಿತ್ತು, 15ನೆಯದು ಅದನ್ನು ಶೇ 10ಕ್ಕೆ ಏರಿಸಿತು. ಕಾಡು ಉಳಿಸಿಕೊಂಡದ್ದಕ್ಕೆ ರಾಜ್ಯಕ್ಕೆ ಪಾಲು ಸಿಗುತ್ತದೆ ಎಂದಾದರೆ, ಅದೇ ಲೆಕ್ಕದಲ್ಲಿ ಆ ಹಣ ಬೆಂಗಳೂರಿನಿಂದ ಕಾಡಿರುವ ಗ್ರಾಮ ಪಂಚಾಯಿತಿಯ ಖಾತೆಗೂ ಇಳಿಯಬೇಕೆಂದು ಕೇಳುವುದು ಭಿಕ್ಷೆಯಲ್ಲ.

ಇಷ್ಟು ಹೇಳಿ ನಮ್ಮ ಮನೆಯ ಅಂಗಳದ ಅಸಮಾನತೆಯ ಬಗ್ಗೆ ಸುಮ್ಮನಿದ್ದರೆ ಈ ಉತ್ತರಕ್ಕೆ ಅರ್ಥವಿಲ್ಲ. ಅಡಿಕೆಯ ಸಹಕಾರ ಸಂಘಗಳು ಮಲೆನಾಡಿನ ದೊಡ್ಡ ಸಾಧನೆ. ಮಾಮ್ಕೋಸ್‌ನಂಥ ಸಂಸ್ಥೆಗಳು ಇಲ್ಲದಿದ್ದರೆ ಸಣ್ಣ ಬೆಳೆಗಾರ ಮಂಡಿ ಸಾಹುಕಾರನ ಸಾಲದಿಂದ ಹೊರಬರುತ್ತಿರಲಿಲ್ಲ. ಆದರೆ ಆ ಸಂಘಗಳ ಸದಸ್ಯತ್ವ ತೋಟವಿದ್ದವರದ್ದು. ಕೊಯ್ಲಿನ ಕಾಲದಲ್ಲಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಡಬ್ಬದ ಲೆಕ್ಕದಲ್ಲಿ ಅಡಿಕೆ ಸುಲಿಯುವ ಹೆಂಗಸರು, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಜೀವ ಒತ್ತೆಯಿಟ್ಟು ದಾಟುವ ಗೊನೆಗಾರರು, ಮಳೆಯಲ್ಲಿ ಮೈಲುತುತ್ತದ ದ್ರಾವಣಕ್ಕೆ ಮೈಯೊಡ್ಡಿ ಕೊಳೆರೋಗಕ್ಕೆ ಔಷಧಿ ಹೊಡೆಯುವವರು ಯಾರೂ ಅದರ ಸದಸ್ಯರಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯ್ದೆಯು ನಿರ್ಮಾಣ ವೆಚ್ಚದ ಮೇಲೆ ಕನಿಷ್ಠ ಶೇ 1ರ ಸೆಸ್ ವಿಧಿಸಿತು. ಅದೇ ಮಾದರಿಯಲ್ಲಿ, 50,000 ರೂಪಾಯಿಗೆ ಮಾರಾಟವಾದ ಒಂದು ಕ್ವಿಂಟಲ್ ಅಡಿಕೆಯಿಂದ ಅರ್ಧ ಶೇಕಡಾ, ಅಂದರೆ 250 ರೂಪಾಯಿಯನ್ನು ಇವರ ವಿಮೆಗೂ ವೃದ್ಧಾಪ್ಯದ ಪಿಂಚಣಿಗೂ ಸಂಘಗಳೇ ಎತ್ತಿಡಬಹುದು. ಇದಕ್ಕೆ ದೆಹಲಿಯ ಅಪ್ಪಣೆಯಾಗಲಿ ಬೆಂಗಳೂರಿನ ಅಪ್ಪಣೆಯಾಗಲಿ ಬೇಕಿಲ್ಲ. ವಾರ್ಷಿಕ ಮಹಾಸಭೆಯ ನಿರ್ಣಯ ಸಾಕು.

ನಿಮ್ಮ ಮಗನ ಪ್ರಶ್ನೆಗೆ ನೇರ ಉತ್ತರ: ಗದ್ದೆಯನ್ನು ತೋಟ ಮಾಡಬೇಡಿ. ನೆಲದ ಹಕ್ಕೇ ಇತ್ಯರ್ಥವಾಗದ ಜಾಗದಲ್ಲಿ ಸಾಲ ಮಾಡಿ ದೀರ್ಘಾವಧಿಯ ಬೆಳೆ ಹಾಕುವುದು ಮೊದಲ ಅಪಾಯ. ಎರಡನೆಯದು ನೀರು. ಬದು ಕಟ್ಟಿ ತಿಂಗಳುಗಟ್ಟಲೆ ಮಳೆನೀರು ನಿಲ್ಲಿಸುವ ಗದ್ದೆ ಕಣಿವೆಯ ಬಾವಿಗಳಿಗೆ ನೀರೂಡುತ್ತದೆ. ಅದರಲ್ಲಿ ಬಸಿಗಾಲುವೆ ತೋಡಿ ಅಡಿಕೆ ಹಾಕಿದರೆ ಆ ನೀರು ಮಳೆಗಾಲದಲ್ಲಿಯೇ ಹರಿದು ಹೋಗುತ್ತದೆ, ಬೇಸಿಗೆಯಲ್ಲಿ ಅಷ್ಟೇ ನೀರನ್ನು ಕೊಳವೆಬಾವಿಯಿಂದ ಎತ್ತಬೇಕಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಆದರೂ ಮಲೆನಾಡಿನ ಊರುಗಳಿಗೆ ಏಪ್ರಿಲ್‌ನಲ್ಲಿ ಟ್ಯಾಂಕರ್ ಬರುತ್ತದೆ. ಗದ್ದೆಗಳು ಕಡಿಮೆಯಾದದ್ದೂ ಅದಕ್ಕೆ ಒಂದು ಕಾರಣ. ಮೂರನೆಯದು ಬೆಳೆಯ ಭವಿಷ್ಯ. ಬಯಲುಸೀಮೆಯ ನೀರಾವರಿ ಭೂಮಿಗೆಲ್ಲ ಅಡಿಕೆ ಹಬ್ಬುತ್ತಿದೆ, ಎಲೆಚುಕ್ಕಿ ರೋಗ ಘಟ್ಟದ ತೋಟಗಳನ್ನು ಸೊರಗಿಸುತ್ತಿದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎರಡು ದಶಕಗಳ ಹಿಂದೆಯೇ ಅಡಿಕೆ ಜಗಿಯುವುದನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಇಂದಿನ ಬೆಲೆ ನಾಳೆಯೂ ಇರುತ್ತದೆ ಎಂಬ ನಂಬಿಕೆಯ ಮೇಲೆ ಇದ್ದ ಗದ್ದೆಯನ್ನು ಪಣಕ್ಕಿಡುವುದು ಬೇಡ. ಶುಂಠಿಗೆ ಗುತ್ತಿಗೆ ಕೊಡುವ ಆಲೋಚನೆಯಿದ್ದರೆ ಅದಕ್ಕೂ ನನ್ನ ಸಲಹೆ ಬೇಡವೆಂದೇ. ವಿಪರೀತ ಗೊಬ್ಬರ, ಔಷಧಿ ಹೊಡೆಸಿಕೊಂಡ ನೆಲ ಚೇತರಿಸಿಕೊಳ್ಳಲು ವರ್ಷಗಳು ಬೇಕು. ಇರುವ ಒಂದೂವರೆ ಎಕರೆ ತೋಟದಲ್ಲಿಯೇ ಕಾಳುಮೆಣಸು, ಏಲಕ್ಕಿ, ಜಾಯಿಕಾಯಿ ಹೆಚ್ಚಿಸುವುದು, ಮರದ ಮೇಲಿನ ಫಸಲನ್ನೇ ಚೇಣಿಗೆ (ಗುತ್ತಿಗೆಗೆ) ಕೊಡುವ ಬದಲು ನಾಲ್ಕೈದು ಮನೆಯವರು ಸೇರಿ ತಾವೇ ಕೊಯ್ದು ಬೇಯಿಸಿ ರಾಶಿ, ಬೆಟ್ಟೆ, ಸರಕು ಎಂದು ವಿಂಗಡಿಸಿ ಸಂಘಕ್ಕೆ ಹಾಕುವುದು ಅದಕ್ಕಿಂತ ಗಟ್ಟಿಯಾದ ಆದಾಯ.

ಕೊನೆಯದಾಗಿ ಹಕ್ಕುಪತ್ರದ ವಿಷಯ, ಏಕೆಂದರೆ ಉಳಿದೆಲ್ಲವೂ ಅದರ ಮೇಲೆ ನಿಂತಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ನೀವು ಇತರ ಪಾರಂಪರಿಕ ಅರಣ್ಯವಾಸಿಗಳೆಂಬ ವರ್ಗದಲ್ಲಿ ಅರ್ಜಿ ಹಾಕಿದ್ದರೆ, 75 ವರ್ಷದ ದಾಖಲೆಯಿಲ್ಲವೆಂದು ಅದು ತಿರಸ್ಕೃತವಾಗಿರುವ ಸಾಧ್ಯತೆ ಹೆಚ್ಚು. ಆ 75 ವರ್ಷ ಈಗಿನ ಜಾಗದ ಸಾಗುವಳಿಯ ಲೆಕ್ಕವಲ್ಲ. ಕಾಡನ್ನು ಅವಲಂಬಿಸಿ ಆ ಪ್ರದೇಶದಲ್ಲಿ ನೆಲೆಸಿದ್ದರ ಲೆಕ್ಕ ಎಂದು ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಸ್ಪಷ್ಟಪಡಿಸಿದೆ. ಜಾಗದ ಸ್ವಾಧೀನ 2005ರ ಡಿಸೆಂಬರ್ 13ಕ್ಕಿಂತ ಮುಂಚಿನದಾಗಿರಬೇಕು. ಮುಳುಗಡೆಗೆ ಮೊದಲಿನ ಊರಿನ ಕಂದಾಯ ರಸೀದಿ, ಶಾಲೆಯ ದಾಖಲಾತಿ, ಹಳೆಯ ಮತದಾರರ ಪಟ್ಟಿ, ಊರ ಹಿರಿಯರ ಲಿಖಿತ ಹೇಳಿಕೆ, ಬಾವಿ, ಸ್ಮಶಾನ, ದೇವರಬನಗಳ ಕುರುಹು ಇವೆಲ್ಲವನ್ನೂ ನಿಯಮಗಳು ಸಾಕ್ಷಿಯೆಂದು ಒಪ್ಪುತ್ತವೆ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಬೇಕು. ಪುನರ್ವಸತಿ ಸಿಗದೆ ಅರಣ್ಯಭೂಮಿಯಿಂದ ಸ್ಥಳಾಂತರಗೊಂಡವರಿಗಾಗಿ ಅದೇ ಕಾಯ್ದೆಯ 3(1)(ಎಂ) ಕಲಮಿದೆ, ನಿಮ್ಮ ಪ್ರಕರಣಕ್ಕೆ ಅದು ಎಷ್ಟು ಒದಗುತ್ತದೆ ಎಂಬುದನ್ನು ವಕೀಲರೊಂದಿಗೆ ಕೂತು ನೋಡಿ. ವೈಯಕ್ತಿಕ ಅರ್ಜಿಯ ಜೊತೆಗೆ ಊರಿನ ಪರವಾಗಿ ಸಾಮುದಾಯಿಕ ಅರಣ್ಯ ಸಂಪನ್ಮೂಲದ ಅರ್ಜಿಯನ್ನೂ ಗ್ರಾಮಸಭೆಯ ಮೂಲಕ ಅರಣ್ಯ ಹಕ್ಕು ಸಮಿತಿಗೆ ಕೊಡಿ. ಆ ಅರ್ಜಿಯಲ್ಲಿ ಉಪ್ಪಾಗೆ, ಮುರುಗಲು, ಜೇನು, ವಾಟೆಗಳನ್ನು ಯಾವ ತಿಂಗಳಿನಲ್ಲಿ, ಎಷ್ಟು, ಯಾರು ಕೊಯ್ಯಬೇಕು, ಬೆಟ್ಟದ ಯಾವ ಭಾಗವನ್ನು ಎಷ್ಟು ವರ್ಷ ಮುಟ್ಟಬಾರದು ಎಂಬ ಊರಿನ ನಿಯಮಗಳನ್ನೂ ಬರೆದು ಲಗತ್ತಿಸಿ. ತೋಟವಿಲ್ಲದ ಮನೆಗಳ ಹೆಸರು ಆ ಪಟ್ಟಿಯಲ್ಲಿ ಮೊದಲು ಬರಲಿ.